ಅಪ್ಪನ ಕೀಪ್ಯಾಡ್ ಫೋನಿನ ರೀಚಾರ್ಜ್

ವಿಜಯಪುರದ ಗಾಂಧಿ ಚೌಕದಲ್ಲಿ ಅಪ್ಪನ ಕೀಪ್ಯಾಡ್ ಫೋನಿಗೆ ರೀಚಾರ್ಜ್ ಮಾಡಿಸಿ ಬರುವಾಗ, ಮೊಬೈಲ್ ಉದ್ಯಮದ ಮೂವತ್ತು ವರ್ಷಗಳ ಲೆಕ್ಕ ತಲೆಯಲ್ಲಿ ಸುತ್ತತೊಡಗಿತು. 1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ಕಲ್ಕತ್ತೆಯಿಂದ ದೆಹಲಿಗೆ ಹೋದ ಕಾಲದಲ್ಲಿ, ಕರೆ ಮಾಡಿದವರಷ್ಟೇ ಅಲ್ಲ, ಸ್ವೀಕರಿಸಿದವರೂ ಹಣ ತೆರಬೇಕಿತ್ತು. ಒಳಬರುವ ಕರೆಯ ಶುಲ್ಕ 2003ರಲ್ಲಿ ಹೋಯಿತು. ಅಪ್ಪ ಫೋನು ಕೊಂಡದ್ದು ಅದಾದ ಮೇಲೆಯೇ, ಅದೂ ದ್ರಾಕ್ಷಿ ವ್ಯಾಪಾರಿಗಳ ಕಾಟಕ್ಕೆ!

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ನಂತರ ಮಾತು ಬಿಟ್ಟಿಯಾಗಿ, ಡೇಟಾ ಮಾರಾಟದ ಸರಕಾಯಿತು. 2022ರ ಅಕ್ಟೋಬರ್‌ನಲ್ಲಿ 5ಜಿ ಆರಂಭವಾಯಿತು. 2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ಹೆಚ್ಚುಕಡಿಮೆ ಒಟ್ಟಿಗೇ ದರ ಏರಿಸಿದವು. ಹತ್ತು-ಹನ್ನೆರಡು ಕಂಪನಿಗಳಿದ್ದ ಸಂತೆಯಲ್ಲಿ ಈಗ ಉಳಿದವರೇ ಬೆರಳೆಣಿಕೆಯಷ್ಟಾದ್ದರಿಂದ, ಮುಂದೆಯೂ ದರ ಮೇಲಕ್ಕೇ ಹೋಗುತ್ತದೆಂಬುದು ನನ್ನ ಅಂದಾಜು. ಡೇಟಾ ಬೇಡದವರಿಗೆ ಮಾತು ಮತ್ತು ಸಂದೇಶಗಳಷ್ಟೇ ಇರುವ ಪ್ಯಾಕ್ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಆದೇಶಿಸಿದೆಯಾದರೂ, ಅಂಗಡಿಯ ಹುಡುಗ ಅದನ್ನು ತಾನಾಗಿ ತೋರಿಸಲಿಲ್ಲ. ನಾನೇ ಎರಡು ಸಲ ಕೇಳಬೇಕಾಯಿತು.