ಗ್ಯಾಸ್ ತುಂಬಿಸುವ ಮೊದಲು ಪೈಪ್ ಮುಟ್ಟಿ ನೋಡಿ

ಶಿವರಾತ್ರಿ ಕಳೆದು ದಾವಣಗೆರೆಯಲ್ಲಿ ಬಿಸಿಲು ಏರತೊಡಗಿದ ಮೇಲೆ, ಕಾರಿನ ಏ.ಸಿ. ತಂಪು ಕೊಡುತ್ತಿಲ್ಲವೆಂದು ಗ್ಯಾರೇಜಿಗೆ ಹೋದರೆ ಬಹುಮಟ್ಟಿಗೆ ಸಿಗುವ ಉತ್ತರ ಒಂದೇ: ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು. ಈ ಉತ್ತರವನ್ನು ಪರೀಕ್ಷೆಯಿಲ್ಲದೆ ಒಪ್ಪಿಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಏ.ಸಿ.ಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಗ್ಯಾಸನ್ನು ಒತ್ತುವ ಕಂಪ್ರೆಸರ್, ಅದರ ಬಿಸಿಯನ್ನು ಹೊರಹಾಕುವ ಕಂಡೆನ್ಸರ್, ಒತ್ತಡ ಇಳಿಸುವ ಎಕ್ಸ್‌ಪ್ಯಾನ್ಶನ್ ವಾಲ್ವ್ ಮತ್ತು ಗಾಳಿಯನ್ನು ತಂಪಾಗಿಸುವ ಕೂಲಿಂಗ್ ಕಾಯಿಲ್‌ಗಳ ನಡುವೆ, ಮುಚ್ಚಿದ ಪೈಪುಗಳೊಳಗೆ, ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ರಬ್ಬರ್ ಹೋಸ್ ಮತ್ತು ಸೀಲುಗಳ ಮೂಲಕ ಹಲವು ವರ್ಷಗಳಲ್ಲಿ ಒಂದಿಷ್ಟು ಜಿನುಗಿ ಹೋಗುವುದುಂಟು. ಆದರೆ ಹೋದ ಬೇಸಿಗೆಯಲ್ಲಿ ತುಂಬಿಸಿದ್ದು ಈ ಬೇಸಿಗೆಗೆ ಸಾಲುತ್ತಿಲ್ಲವೆಂದರೆ ಒಂದೋ ಎಲ್ಲಿಯೋ ಸೋರಿಕೆಯಿದೆ, ಇಲ್ಲವೇ ದೋಷ ಇರುವುದು ಗ್ಯಾಸಿನಲ್ಲೇ ಅಲ್ಲ.

ನಮ್ಮ ಸಣ್ಣ ಕಾರಿನಲ್ಲಿ ಆಗಿದ್ದು ಎರಡನೆಯದು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಿತ್ರದುರ್ಗದ ಕಡೆಗೆ ಹೊರಟರೆ ಮೊದಲ ಸ್ವಲ್ಪ ಹೊತ್ತು ಸುಮಾರಾಗಿ ತಂಪಿರುತ್ತಿತ್ತು. ಎಂಜಿನ್ ಬಿಸಿಯೇರಿದಂತೆ ಬರುವ ಗಾಳಿಯೂ ಬೆಚ್ಚಗಾಗುತ್ತಿತ್ತು. ಗಾಳಿಯ ರಭಸ ಮಾತ್ರ ಕಡಿಮೆಯಾಗಿರಲಿಲ್ಲ. ಒಂದು ಗ್ಯಾರೇಜಿನವರು ಗ್ಯಾಸ್ ತುಂಬಿ ಕಳಿಸಿದರು, ಫಲ ಕಾಣಲಿಲ್ಲ. ಆಮೇಲೆ ಪಿ.ಬಿ. ರಸ್ತೆಯ ಪಕ್ಕದ ಓಣಿಯಲ್ಲಿ ಕಾರಿನ ಏ.ಸಿ. ಕೆಲಸವನ್ನಷ್ಟೇ ಮಾಡುವ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಅವರು ಗ್ಯಾಸಿನ ಒತ್ತಡ ಅಳೆಯುವ ಗೇಜನ್ನು ಕೈಗೆ ಎತ್ತಿಕೊಳ್ಳಲೇ ಇಲ್ಲ. ಎಂಜಿನ್ ಚಾಲೂ ಇಟ್ಟು, ಏ.ಸಿ.ಯನ್ನು ಪೂರ್ತಿ ಕೊಟ್ಟು, ಬಾನೆಟ್ ಎತ್ತಿಸಿ, "ಗ್ಯಾಸಿನ ಮಾತು ಆಮೇಲೆ ಸರ, ಮೊದಲು ಈ ಪೈಪ್ ಮುಟ್ಟಿ ನೋಡ್ರಿ" ಎಂದರು.

ಎಂಜಿನ್ನಿಗೂ ಡ್ಯಾಶ್‌ಬೋರ್ಡಿಗೂ ನಡುವೆ ಇರುವ ತಗಡಿನ ಗೋಡೆಯೊಳಕ್ಕೆ ಎರಡು ಅಲ್ಯೂಮಿನಿಯಂ ಪೈಪುಗಳು ಹೋಗುತ್ತವೆ. ತೆಳ್ಳನೆಯದು ಬೆಚ್ಚಗಿತ್ತು. ದಪ್ಪನೆಯದು ಕೈಗೆ ಕೊರೆಯುವಷ್ಟು ತಣ್ಣಗಿದ್ದು, ಮೈಯೆಲ್ಲ ಬೆವರಿದಂತೆ ನೀರಿನ ಹನಿ ಕಟ್ಟಿಕೊಂಡಿತ್ತು. ಅಂದರೆ ಗ್ಯಾಸ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಆ ತಂಪು ನಮ್ಮ ಮುಖಕ್ಕೆ ತಲುಪುವ ಮೊದಲೇ ಹಾಳಾಗುತ್ತಿತ್ತು. ಅವರು ಹೀಟರಿಗೆ ಹೋಗುವ ರಬ್ಬರ್ ಹೋಸನ್ನು ಕ್ಲ್ಯಾಂಪಿನಿಂದ ಒತ್ತಿ ಬಿಸಿನೀರಿನ ಓಟವನ್ನು ತಡೆದರು. ಸ್ವಲ್ಪ ಹೊತ್ತಿನಲ್ಲಿ ಒಳಗೆ ತಣ್ಣನೆಯ ಗಾಳಿ ಬೀಸತೊಡಗಿತು.

ಇದರ ಕಾರಣ ತಿಳಿಯಬೇಕಾದರೆ ಡ್ಯಾಶ್‌ಬೋರ್ಡಿನ ಹಿಂದಿನ ಪೆಟ್ಟಿಗೆಯ ರಚನೆಯನ್ನು ಗಮನಿಸಬೇಕು. ಏ.ಸಿ.ಗೂ ಹೀಟರಿಗೂ ಇರುವುದು ಒಂದೇ ಪೆಟ್ಟಿಗೆ, ಒಂದೇ ಬ್ಲೋವರ್. ಗಾಳಿ ಮೊದಲು ಕೂಲಿಂಗ್ ಕಾಯಿಲನ್ನು ದಾಟುತ್ತದೆ. ಅದರ ಮುಂದೆ ಹೀಟರ್ ಕೋರ್ ಇದೆ, ಅದರೊಳಗೆ ಎಂಜಿನ್ನನ್ನು ತಣಿಸುವ ನೀರು, ಅಂದರೆ ಕೂಲೆಂಟ್, 80-90 ಡಿಗ್ರಿಯ ಬಿಸಿಯಲ್ಲಿ ಹರಿಯುತ್ತದೆ, ಮತ್ತು ಅನೇಕ ಕಾರುಗಳಲ್ಲಿ ಇದು ಕಡು ಬೇಸಿಗೆಯಲ್ಲಿಯೂ ನಿಲ್ಲುವುದಿಲ್ಲ. ಎಷ್ಟು ಗಾಳಿ ಈ ಕೋರಿನ ಮೂಲಕ ಹೋಗಬೇಕು ಎಂಬುದನ್ನು ನಿರ್ಧರಿಸುವುದು ಒಂದು ಪುಟ್ಟ ಪ್ಲಾಸ್ಟಿಕ್ ಬಾಗಿಲು. ನಾವು ತಿರುಗಿಸುವ ನೀಲಿ-ಕೆಂಪು ಗುರುತಿನ ನಾಬ್, ಕೇಬಲ್ಲಿನ ಮೂಲಕ ಆ ಬಾಗಿಲನ್ನೇ ಎಳೆಯುತ್ತದೆ. ನಮ್ಮ ಕಾರಿನಲ್ಲಿ ಕೇಬಲ್ ಹಿಡಿದಿದ್ದ ಕ್ಲಿಪ್ ಜಾರಿತ್ತು. ನಾಬ್ ಪೂರ್ತಿ ನೀಲಿಯಲ್ಲಿದ್ದರೂ ಬಾಗಿಲು ಅರ್ಧ ತೆರೆದೇ ಇತ್ತು, ತಂಪಾದ ಗಾಳಿ ಮತ್ತೆ ಬಿಸಿಯಾಗುತ್ತಿತ್ತು. ಕ್ಲಿಪ್ಪನ್ನು ಕೂರಿಸಿದ ಮೇಲೆ ತೊಂದರೆ ನಿಂತಿತು. ಇಂಥ ಕಾರುಗಳಲ್ಲಿ ನಾಬನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಬೇಗನೆ ತಿರುಗಿಸಿದರೆ ಬಾಗಿಲು ಬಡಿದ ಮೆಲು ಸದ್ದು ಸಾಮಾನ್ಯವಾಗಿ ಕೇಳಿಸಬೇಕು. ಕೇಬಲ್ ಬದಲು ಸಣ್ಣ ಮೋಟಾರ್ ಇರುವ ಕಾರುಗಳಲ್ಲಿ ಅದರ ಹಲ್ಲು ಸವೆದಿದ್ದರೆ ಡ್ಯಾಶ್‌ಬೋರ್ಡಿನ ಹಿಂದೆ ಟಕ್ ಟಕ್ ಎನ್ನುವುದುಂಟು. ಇದೇ ಬಾಗಿಲು ತಂಪಿನ ಕಡೆ ಸಿಕ್ಕಿಕೊಂಡರೆ ಹೀಟರ್ ಬಿಸಿ ಕೊಡುವುದಿಲ್ಲ. ನಮ್ಮ ಕಡೆ ಹೀಟರ್ ಯಾರಿಗೆ ಬೇಕು ಎನ್ನುವವರು, ಮಳೆಯಲ್ಲಿ ಮುಂದಿನ ಗಾಜು ಒಳಗಿನಿಂದ ಮಸುಕಾದಾಗ ಏ.ಸಿ. ಮತ್ತು ಹೀಟರ್ ಎರಡನ್ನೂ ಒಟ್ಟಿಗೆ ಹಾಕಿ ನೋಡಬೇಕು; ಏ.ಸಿ. ಗಾಳಿಯ ತೇವವನ್ನು ತೆಗೆಯುತ್ತದೆ, ಹೀಟರ್ ಗಾಜನ್ನು ಬೆಚ್ಚಗೆ ಮಾಡುತ್ತದೆ.

ಗೇಜಿನ ಬಗ್ಗೆಯೂ ಒಂದು ಎಚ್ಚರಿಕೆ ಅಗತ್ಯ. ಎಂಜಿನ್ ನಿಂತಿರುವಾಗ ಗೇಜ್ ಜೋಡಿಸಿ ಗ್ಯಾಸ್ ಎಷ್ಟಿದೆ ಎಂದು ಹೇಳಲು ಬರುವುದಿಲ್ಲ. ಅನೇಕ ಕಾರುಗಳ ಏ.ಸಿ.ಯಲ್ಲಿರುವ ಆರ್134ಎ ಎಂಬ ಗ್ಯಾಸ್ ಒಳಗೆ ಕೊಂಚವಾದರೂ ದ್ರವರೂಪದಲ್ಲಿ ಉಳಿದಿರುವವರೆಗೆ ಅದರ ಒತ್ತಡವನ್ನು ಉಷ್ಣಾಂಶವೊಂದೇ ನಿರ್ಧರಿಸುತ್ತದೆ. 35 ಡಿಗ್ರಿಯಲ್ಲಿ ಸುಮಾರು 114 ಪಿ.ಎಸ್.ಐ. ಇರುತ್ತದೆ, ಗ್ಯಾಸ್ ಅರ್ಧವಿದ್ದರೂ ಅಷ್ಟೇ, ಪೂರ್ತಿಯಿದ್ದರೂ ಅಷ್ಟೇ. ಏ.ಸಿ. ಓಡುತ್ತಿರುವಾಗ ಎರಡೂ ಕಡೆಯ ಒತ್ತಡ ನೋಡಬೇಕು: ಗ್ಯಾಸ್ ಕಂಪ್ರೆಸರಿಗೆ ಬರುವ ಲೋ ಸೈಡ್, ಅದರಿಂದ ಒತ್ತಿ ಹೊರಹೋಗುವ ಹೈ ಸೈಡ್. ಎರಡೂ ತೀರ ಕಡಿಮೆಯಿದ್ದರೆ ಗ್ಯಾಸ್ ಕೊರತೆಯನ್ನು ಶಂಕಿಸಬಹುದು. ಹೈ ಸೈಡ್ ವಿಪರೀತ ಏರಿದ್ದರೆ ಕಂಡೆನ್ಸರ್ ಬಿಸಿಯನ್ನು ಹೊರಹಾಕುತ್ತಿಲ್ಲವೆಂದು ಅನುಮಾನಿಸಬೇಕು.

ಹೆದ್ದಾರಿಯಲ್ಲಿ ತಂಪಾಗಿದ್ದು, ಸಿಗ್ನಲ್ಲಿನಲ್ಲಿ ನಿಂತೊಡನೆ ಬೆಚ್ಚಗಾಗುವ ಕಾರಿನಲ್ಲಿ ದೋಷ ಸಾಮಾನ್ಯವಾಗಿ ಈ ಕಂಡೆನ್ಸರಿನ ಕಡೆಯೇ. ರೇಡಿಯೇಟರಿನ ಮುಂದಿರುವ ಈ ಜಾಲರಿಯ ಸಂದಿಗಳಲ್ಲಿ ನಮ್ಮ ಭಾಗದ ಮೆಕ್ಕೆಜೋಳದ ಹೊಟ್ಟು, ಹತ್ತಿಯ ಎಳೆ ಮತ್ತು ದುರ್ಗದ ಕಡೆಯ ಗಾಳಿ ಹೊತ್ತು ತರುವ ಧೂಳು ಸೇರಿ ಗಟ್ಟಿಯಾಗಿ ಕೂತುಬಿಡುತ್ತವೆ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ, ಕಡಿಮೆ ರಭಸದ ನೀರಿನಲ್ಲಿ ತೊಳೆಯಬೇಕು. ಜೋರಾಗಿ ಹೊಡೆದರೆ ತೆಳುವಾದ ಅಲ್ಯೂಮಿನಿಯಂ ಎಲೆಗಳು ಮಡಚಿಕೊಳ್ಳುತ್ತವೆ. ಏ.ಸಿ. ಹಾಕಿದಾಗ ಅದರ ಫ್ಯಾನ್ ತಿರುಗುತ್ತಿದೆಯೇ ಎಂದೂ ನೋಡಬೇಕು, ದೂರದಿಂದ, ಏಕೆಂದರೆ ಅದು ಯಾವ ಕ್ಷಣದಲ್ಲಾದರೂ ತಾನಾಗಿ ತಿರುಗತೊಡಗುತ್ತದೆ.

ನಿಜಕ್ಕೂ ಸೋರಿಕೆಯಿದ್ದರೆ ಅದನ್ನು ಮೊದಲು ಹುಡುಕಿಸಿ ಮುಚ್ಚಿಸಬೇಕು. ಅನಂತರ ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ ಮತ್ತು ತೇವವನ್ನು ತೆಗೆಸಿ, ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಬರೆದಿರುವಷ್ಟೇ ಗ್ರಾಂ ಗ್ಯಾಸನ್ನು ತೂಕ ಮಾಡಿ ತುಂಬಿಸಬೇಕು. ಹೆಚ್ಚು ತುಂಬಿದರೂ ತಂಪು ಕಡಿಮೆಯಾಗುತ್ತದೆ, ಕಂಪ್ರೆಸರಿಗೂ ಹೊರೆ. ತೂಕದ ಯಂತ್ರವಿದೆಯೇ ಎಂದು ಕೆಲಸಕ್ಕೆ ಕೊಡುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.