ರೆಕ್ಕೆ ಸೋಲುವುದು ಬೋಲ್ಟಿನ ಬುಡದಲ್ಲಿ

ಕಾರ್ಬನ್ ಫೈಬರ್ ದುರಸ್ತಿ ನನ್ನ ಕಸುಬು. ಸರ್ಫ್ ಬೋರ್ಡುಗಳು, ಮಾಸ್ಟ್‌ಗಳು, ಈಚೆಗೆ ಹೆಚ್ಚಾಗಿ ಹೈಡ್ರೋಫಾಯಿಲ್ ರೆಕ್ಕೆಗಳು ನನ್ನ ಮೇಜಿಗೆ ಬರುತ್ತವೆ. ಅವುಗಳಲ್ಲಿ ಜನರು ಮನೆಯಲ್ಲೇ ಮಾಡಿಕೊಂಡ ರೆಕ್ಕೆಗಳೆಂದರೆ ನನಗೆ ವಿಶೇಷ ಅಕ್ಕರೆ. ತಿಂಗಳುಗಟ್ಟಲೆ ತಿದ್ದಿ ತೀಡಿದ್ದು ನೋಡಿದೊಡನೆ ಗೊತ್ತಾಗುತ್ತದೆ. ಮುರಿದ ರೆಕ್ಕೆ ಹಿಡಿದು ಬಂದವರ ಪ್ರಶ್ನೆ ಮಾತ್ರ ಒಂದೇ: ಇನ್ನೂ ಎಷ್ಟು ಪದರ ಕಾರ್ಬನ್ ಹಾಕಬೇಕಿತ್ತು? ಪದರಗಳು ಸಾಲದೆ ಮುರಿದ ರೆಕ್ಕೆ ನನ್ನ ಕೈಗೆ ಬರುವುದು ಅಪರೂಪ ಎಂದರೆ ಅವರಿಗೆ ನಂಬಿಕೆ ಬರುವುದಿಲ್ಲ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಬೋರ್ಡಿನ ಕೆಳಗೆ ಮಾಸ್ಟ್ ಎಂಬ ಕಂಬ, ಅದರ ತುದಿಗೆ ಫ್ಯೂಸಲಾಜ್ ಎಂಬ ದಂಡ, ದಂಡದ ಮುಂದೆ ದೊಡ್ಡ ರೆಕ್ಕೆ, ಹಿಂದೆ ಚಿಕ್ಕದು, ಎರಡನ್ನೂ ಬೋಲ್ಟಿನಿಂದ ದಂಡಕ್ಕೆ ಬಿಗಿದಿರುತ್ತಾರೆ. ನಾನು ಹೇಳುತ್ತಿರುವ ರೆಕ್ಕೆಯ ಒಳಗೆ ಹಗುರ ಫೋಮ್, ಹೊರಗೆ ರಾಳ ಹಚ್ಚಿ ಗಟ್ಟಿಯಾಗಿಸಿದ ಕಾರ್ಬನ್ ಬಟ್ಟೆಯ ಹೊದಿಕೆ. ವೇಗ ಹಿಡಿದಾಗ ಬೋರ್ಡು ನೀರು ಬಿಟ್ಟು ಮೇಲೇಳುತ್ತದೆ. ನೀರು ಗಾಳಿಗಿಂತ 800 ಪಟ್ಟಿಗೂ ಹೆಚ್ಚು ಸಾಂದ್ರವಾದ್ದರಿಂದಲೇ ಇಷ್ಟು ಚಿಕ್ಕ ರೆಕ್ಕೆಗೆ ಒಬ್ಬ ಮನುಷ್ಯನನ್ನು ಎತ್ತಲು ಸಾಧ್ಯ.

ಲೆಕ್ಕ ಹಾಕಿ ನೋಡೋಣ. 90 ಸೆಂಟಿಮೀಟರ್ ಅಗಲ, 1,500 ಚದರ ಸೆಂಟಿಮೀಟರ್ ವಿಸ್ತೀರ್ಣದ ರೆಕ್ಕೆ ಸೆಕೆಂಡಿಗೆ 5 ಮೀಟರ್, ಅಂದರೆ ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಎನ್ನಿ. ಎತ್ತುವ ಗುಣಾಂಕ (ರೆಕ್ಕೆ ಎಷ್ಟು ಚೆನ್ನಾಗಿ ಎತ್ತುತ್ತದೆ ಎಂಬುದರ ಅಳತೆ) 0.5 ಎಂದು ಹಿಡಿದರೆ ಸುಮಾರು 960 ನ್ಯೂಟನ್ ಬಲ ಹುಟ್ಟುತ್ತದೆ, ಅಂದರೆ 98 ಕಿಲೋ ತೂಕ ಎತ್ತುವಷ್ಟು. ಪ್ರತಿ ಬದಿಗೆ ಅದರ ಅರ್ಧ, ಅದೂ ನಡುವಿನಿಂದ ಸುಮಾರು 19 ಸೆಂಟಿಮೀಟರ್ ದೂರದಲ್ಲಿ ಒತ್ತಿದಂತೆ. ಸವಾರ ಕಾಲಿನಿಂದ ಬೋರ್ಡನ್ನು ಮತ್ತೆ ಮತ್ತೆ ಒತ್ತಿ ಪಂಪ್ ಮಾಡುವಾಗ ಇದು ಇಮ್ಮಡಿಯಾಯಿತು ಎಂದುಕೊಂಡರೂ ನಡುಭಾಗದಲ್ಲಿ 1.5 ಮಿಲಿಮೀಟರ್ ದಪ್ಪದ ಕಾರ್ಬನ್ ಹೊದಿಕೆಯ ಮೇಲೆ ಬೀಳುವ ಒತ್ತಡ ಸರಿಸುಮಾರು 60 ಮೆಗಾಪ್ಯಾಸ್ಕಲ್, ಅಂದರೆ ಚದರ ಮಿಲಿಮೀಟರಿಗೆ 60 ನ್ಯೂಟನ್. ಅಗಲದುದ್ದಕ್ಕೆ ಎಳೆಗಳನ್ನು ನೇರವಾಗಿ ಹಾಸಿದ ಕಾರ್ಬನ್, ಕೈಯಲ್ಲೇ ರಾಳ ಹಚ್ಚಿದ್ದರೂ, ಕೆಲವು ನೂರು ಮೆಗಾಪ್ಯಾಸ್ಕಲ್ ತಡೆಯುತ್ತದೆ. ರೆಕ್ಕೆ ಬಳುಕಬಾರದು ಎಂದು ಪದರ ಹೆಚ್ಚಿಸಿದರೆ ನನ್ನ ತಕರಾರಿಲ್ಲ. ಮುರಿಯಬಾರದು ಎಂದು ತುದಿಯವರೆಗೂ ಪದರ ಏರಿಸುವುದು ಮಾತ್ರ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಜ್ವರ ಎಲ್ಲಿದೆ ಎಂದು ತಿಳಿಯಲು ನಾನು ಮುರಿದ ರೆಕ್ಕೆಯನ್ನು ಬೋಲ್ಟಿನ ತೂತಿನ ನಡುವೆಯೇ ಕೊಯ್ಯುತ್ತೇನೆ, ವಜ್ರದ ಪುಡಿ ಕೂರಿಸಿದ ಬ್ಲೇಡಿನಿಂದ, ನೀರು ಬಿಡುತ್ತಾ. ಎರಡು ಹೋಳುಗಳನ್ನು ಬೆಳಕಿಗೆ ಹಿಡಿದರೆ ಕಾಣುವ ನೋಟ ಬಹುಪಾಲು ಒಂದೇ. ಬೋಲ್ಟಿನ ತಲೆ ಕೂತಿದ್ದ ಕಡೆ ಹೊದಿಕೆ ತಟ್ಟೆಯಂತೆ ತಗ್ಗಾಗಿರುತ್ತದೆ. ಅದರ ಕೆಳಗಿನ ಫೋಮ್ ಉಗುರು ತಾಗಿಸಿದರೆ ಪುಡಿಯಾಗಿ ಉದುರುತ್ತದೆ. ಹೊದಿಕೆಗೂ ಫೋಮಿಗೂ ನಡುವೆ ಕಾಗದ ತೂರುವಷ್ಟು ಸಂದು, ಆ ಸಂದಿನಿಂದ ಕಂದು ಬಣ್ಣದ ಉಪ್ಪುನೀರು ಜಿನುಗುತ್ತದೆ. ಬಿರುಕು ಹೊರಗೆ ಕಾಣಿಸಿಕೊಂಡ ದಿನ ಮಾಲೀಕರಿಗೆ ನೆನಪಿರುತ್ತದೆ. ಒಳಗೆ ಅದು ಶುರುವಾಗಿದ್ದು ಬೋಲ್ಟನ್ನು ಮೊದಲ ಸಲ ಬಿಗಿದಾಗಲೇ.

ಇಲ್ಲೂ ಲೆಕ್ಕ ಸರಳ. 8 ಮಿಲಿಮೀಟರ್ ಬೋಲ್ಟನ್ನು 10 ನ್ಯೂಟನ್ ಮೀಟರ್ ತಿರುಚುಬಲದಲ್ಲಿ ಬಿಗಿದರೆ ಅದು ಸುಮಾರು 6,000 ನ್ಯೂಟನ್ ಬಲದಿಂದ ಅದುಮುತ್ತದೆ. ಬೋಲ್ಟಿನ ತಲೆಯ ಕೆಳಗಿನ ಸಣ್ಣ ವೃತ್ತದಲ್ಲಿ ಅದು ಕನಿಷ್ಠ 30 ಮೆಗಾಪ್ಯಾಸ್ಕಲ್ ಆಗುತ್ತದೆ. ಘನಮೀಟರಿಗೆ 80 ಕಿಲೋ ತೂಗುವ ಪಿವಿಸಿ ಫೋಮ್ ತಾಳಿಕೊಳ್ಳುವುದು ಸುಮಾರು 1.4. ಮೇಲಿನ ಹೊದಿಕೆ ಭಾರವನ್ನು ಸ್ವಲ್ಪ ಹಂಚುತ್ತದೆ ನಿಜ, ಆದರೆ ಇಪ್ಪತ್ತು ಪಟ್ಟು ಅಂತರವನ್ನು ಅದು ಮುಚ್ಚಲಾರದು. ಫೋಮ್ ಕುಸಿಯುತ್ತದೆ, ಬೋಲ್ಟ್ ಸಡಿಲವಾಗುತ್ತದೆ, ಮಾಲೀಕರು ಮತ್ತೆ ಬಿಗಿಯುತ್ತಾರೆ, ಇನ್ನಷ್ಟು ಕುಸಿಯುತ್ತದೆ.

ಆದ್ದರಿಂದ ಬೋಲ್ಟ್ ಹಾದುಹೋಗುವಲ್ಲಿ ಫೋಮ್ ಇರಲೇಬಾರದು. ಅಷ್ಟು ಜಾಗ ಕೊರೆದು ಗಾಜಿನ ನಾರು ಮತ್ತು ಎಪಾಕ್ಸಿ ರಾಳದ ಗಟ್ಟಿ ದಿಮ್ಮಿಯನ್ನು ಕೂರಿಸಬೇಕು. ಅದು ಮೇಲಿನ ಹೊದಿಕೆಯಿಂದ ಕೆಳಗಿನ ಹೊದಿಕೆಯವರೆಗೂ ಮುಟ್ಟಬೇಕು. ಇದನ್ನು ಮಾಡುವವರಲ್ಲೂ ಹಲವರು ದಿಮ್ಮಿಯ ಅಂಚನ್ನು ಗೋಡೆಯಂತೆ ನೇರವಾಗಿ ಕತ್ತರಿಸಿಬಿಡುತ್ತಾರೆ. ಆಗ ಗಟ್ಟಿ ಮುಗಿದು ಮೆದು ಶುರುವಾಗುವ ಆ ಗೆರೆಯಲ್ಲೇ ಹೊದಿಕೆ ಸೀಳುತ್ತದೆ. ದಿಮ್ಮಿ ರೆಕ್ಕೆಯ ಎರಡೂ ಬದಿಗೆ ಇಳಿಜಾರಾಗಿ ತೆಳುವಾಗುತ್ತಾ ಹೋಗಲಿ, ಮೇಲಿನ ಕಾರ್ಬನ್ ಪದರಗಳೂ ಒಂದೇ ಕಡೆ ನಿಲ್ಲದೆ ಮೆಟ್ಟಿಲು ಮೆಟ್ಟಿಲಾಗಿ ಮುಗಿಯಲಿ.

ಫ್ಯೂಸಲಾಜ್ ಅಲ್ಯೂಮಿನಿಯಂ ಆಗಿದ್ದರೆ ಇನ್ನೊಂದು ತೊಂದರೆ. ಕಾರ್ಬನ್, ಅಲ್ಯೂಮಿನಿಯಂ, ಉಪ್ಪುನೀರು ಮೂರೂ ಸೇರಿದರೆ ಬ್ಯಾಟರಿ ತಯಾರಾದಂತೆ, ಅದರಲ್ಲಿ ಕರಗುವುದು ಅಲ್ಯೂಮಿನಿಯಂ. ಬಿಳಿ ಪುಡಿ ಕಟ್ಟಿಕೊಂಡು ಬೋಲ್ಟ್ ಅಲ್ಲಾಡದಂತೆ ಕಚ್ಚಿಕೊಂಡಿರುತ್ತದೆ. ಎರಡೂ ಕೂಡುವ ಕಡೆ ಒಂದು ಪದರ ಗಾಜಿನ ಬಟ್ಟೆ, ಬೋಲ್ಟಿಗೆ ಗ್ರೀಸ್, ಸವಾರಿ ಮುಗಿದ ಮೇಲೆ ಬಿಚ್ಚಿ ಸಿಹಿನೀರಲ್ಲಿ ತೊಳೆಯುವುದು, ಇಷ್ಟು ಸಾಕು.

ರಾಳದ ವಿಷಯದಲ್ಲಿ ನನ್ನ ತಾಳ್ಮೆ ಕಡಿಮೆ. ಹಾರ್ಡನರ್ (ರಾಳವನ್ನು ಗಟ್ಟಿಯಾಗಿಸಲು ಬೆರೆಸುವ ದ್ರವ) ತುಸು ಹೆಚ್ಚಿಗೆ ಸುರಿದರೆ ಬೇಗ ಗಟ್ಟಿಯಾಗುತ್ತದೆ ಎಂಬುದು ಪಾಲಿಯೆಸ್ಟರ್ ರಾಳದಿಂದ ಬಂದ ಅಭ್ಯಾಸ. ಎಪಾಕ್ಸಿಯಲ್ಲಿ ಹಾರ್ಡನರ್ ರಾಳದ ಪಾಲುದಾರ. ಹೆಚ್ಚಾದದ್ದು ಸೇರಿಕೊಳ್ಳಲು ಜೊತೆ ಸಿಗದೆ ಹಾಗೆಯೇ ಉಳಿದು ರೆಕ್ಕೆಯನ್ನು ಮೆತ್ತಗಾಗಿಸುತ್ತದೆ. ತಕ್ಕಡಿ ಇಟ್ಟು ತೂಗಿ, ಕಣ್ಣಳತೆ ಬೇಡ. ಗಟ್ಟಿಯಾದ ಮೇಲೂ ಕೆಲಸ ಮುಗಿದಿಲ್ಲ. ಕೋಣೆಯ ಉಷ್ಣತೆಯಲ್ಲಷ್ಟೇ ಗಟ್ಟಿಯಾದ ಬಹಳಷ್ಟು ಎಪಾಕ್ಸಿಗಳು 50–60 ಡಿಗ್ರಿಯಲ್ಲೇ ಮೆತ್ತಗಾಗತೊಡಗುತ್ತವೆ. ಕಪ್ಪು ರೆಕ್ಕೆ ಬಿಸಿಲಲ್ಲಿ ಮರಳಿನ ಮೇಲೆ ಬಿದ್ದಿದ್ದರೆ ಆ ಬಿಸಿ ತಲುಪುವುದು ಕಷ್ಟವಲ್ಲ. ರಾಳ ತಯಾರಕರ ಹಾಳೆಯಲ್ಲಿ ಹೇಳಿದಂತೆ ಕೆಲವು ಗಂಟೆ ಬೆಚ್ಚಗಿನ ಪೆಟ್ಟಿಗೆಯಲ್ಲಿ ಕಾಯಿಸಿದರೆ ಆ ಮಿತಿ ಏರುತ್ತದೆ. ಒಳಗೆ ಎಕ್ಸ್‌ಪಿಎಸ್ (ಒಂದು ಬಗೆಯ ಪಾಲಿಸ್ಟೈರೀನ್) ಫೋಮ್ ಇದ್ದರೆ ಕಾಯಿಸುವಾಗ ಕೈ ಹಿಡಿತದಲ್ಲಿರಲಿ, ಅದೂ ಬಿಸಿಗೆ ಕುಗ್ಗುತ್ತದೆ.

ರಾಳ ಹಚ್ಚಿದ ರೆಕ್ಕೆಯನ್ನು ಗಾಳಿ ಹೀರಿ ತೆಗೆಯುವ ವ್ಯಾಕ್ಯೂಮ್ ಚೀಲದಲ್ಲಿ ಹಾಕಿ ಒತ್ತುವವರು ಅದರ ಬಲವನ್ನು ಕಡಿಮೆ ಅಂದಾಜು ಮಾಡುತ್ತಾರೆ. 0.8 ಬಾರ್ ಎಂದರೆ 1,500 ಚದರ ಸೆಂಟಿಮೀಟರಿನ ಮೇಲೆ ಸುಮಾರು 1.2 ಟನ್. ಫೋಮನ್ನು ಬರಿಯ ಮೇಜಿನ ಮೇಲಿಟ್ಟು ಒತ್ತಿದರೆ ರೆಕ್ಕೆ ಮೇಜಿನ ಆಕಾರವನ್ನೇ ತಾಳುತ್ತದೆ. ಫೋಮನ್ನು ಬಿಸಿ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕೊಯ್ದಾಗ ಉಳಿದ ಹೊರ ತುಂಡುಗಳನ್ನು ಎಸೆಯದೆ ಅದರಲ್ಲೇ ರೆಕ್ಕೆಯನ್ನು ಮಲಗಿಸಿ ಒತ್ತುವುದು ಒಳ್ಳೆಯದು. ಇಲ್ಲದಿದ್ದರೆ ಒಂದು ಬದಿ ಅರ್ಧ ಡಿಗ್ರಿಯಷ್ಟು ತಿರುಚಿಕೊಂಡರೂ ಬೋರ್ಡು ಸದಾ ಒಂದೇ ಕಡೆಗೆ ವಾಲುತ್ತದೆ, ಸವಾರ ತನ್ನ ಕಾಲನ್ನೇ ದೂರುತ್ತಾನೆ.

ಉಜ್ಜುವಾಗ ಮುಖಕ್ಕೆ ಮಾಸ್ಕ್, ಕೈಗೆ ಗವಸು, ಸ್ಯಾಂಡ್‌ಪೇಪರಿಗೆ ನೀರು. ಕಾರ್ಬನ್ ಧೂಳು ವಿದ್ಯುತ್ ಹರಿಸುವುದರಿಂದ ಯಂತ್ರದ ಮೋಟಾರಿಗೂ ಅದು ಶತ್ರು.

ಕೊನೆಗೆ, ನೀರಿನಲ್ಲಿ ರೆಕ್ಕೆ ಗುಂಯ್ ಎನ್ನುತ್ತದೆ ಎಂದು ಗಾಬರಿಯಿಂದ ತರುವವರೂ ಇದ್ದಾರೆ. ಅದು ಸಾಮಾನ್ಯವಾಗಿ ಬಿರುಕಿನ ಸದ್ದಲ್ಲ. ಹಿಂದಿನ ಅಂಚು ಮೊಂಡಾಗಿ, ದಪ್ಪವಾಗಿ ಉಳಿದಿದ್ದರೆ ನೀರಿನ ಸುಳಿಗಳು ಅದರ ಮೇಲಿನಿಂದೊಮ್ಮೆ, ಕೆಳಗಿನಿಂದೊಮ್ಮೆ ಸರದಿಯಂತೆ ಕಳಚಿಕೊಂಡು ರೆಕ್ಕೆಯನ್ನು ನಡುಗಿಸುತ್ತವೆ. ಮರದ ಪಟ್ಟಿಗೆ 320ರ ಸ್ಯಾಂಡ್‌ಪೇಪರ್ ಸುತ್ತಿ ಆ ಅಂಚನ್ನು ಒಂದೇ ಬದಿಯಿಂದ ಓರೆಯಾಗಿ ಉಜ್ಜಿ, ಸವಾರಿ ಮಾಡಿ ನೋಡಿ, ಸದ್ದು ಉಳಿದಿದ್ದರೆ ಇನ್ನೂ ಸ್ವಲ್ಪ ಉಜ್ಜಿ. ಇಷ್ಟಕ್ಕೆ ನನ್ನ ಬಳಿ ತರಬೇಕಾಗಿಲ್ಲ. ತಂದರೂ ಹಣ ತೆಗೆದುಕೊಳ್ಳುವುದಿಲ್ಲ, ಬೋಲ್ಟಿನ ಬುಡವನ್ನು ಒಮ್ಮೆ ನೋಡಲು ಬಿಟ್ಟರೆ ಸಾಕು.