ಕೆಂಪು ರೆಪ್ಪೆಯ ಮೇಲೆ, ಕಾರಣ ಉಗುರಿನಲ್ಲಿ

ನನ್ನ ಎರಡೂ ಕಣ್ಣಿನ ರೆಪ್ಪೆ ಕೆಂಪಗಾಗಿ ತುರಿಸುತ್ತಿತ್ತು. ಆಮೇಲೆ ಒಣಗಿ, ಸಿಪ್ಪೆ ಏಳುತ್ತಿತ್ತು. ಕಣ್ಣಿಗೆ ಹಚ್ಚುವುದನ್ನೆಲ್ಲ ಬಿಟ್ಟೆ, ಫೇಸ್‌ವಾಶ್ ಬದಲಿಸಿದೆ, ಏನೂ ಪ್ರಯೋಜನ ಆಗಲಿಲ್ಲ. ಚರ್ಮದ ಡಾಕ್ಟರು ಮುಖ ನೋಡಿ ಮುಗಿಸಿ, "ಎಲ್ಲಿ, ಕೈ ತೋರಿಸಿ" ಅಂದರು. ಉಗುರಿಗೆ ಜೆಲ್ ಪಾಲಿಶ್ ಇತ್ತು.

ಉಗುರಿಗೂ ರೆಪ್ಪೆಗೂ ಎತ್ತಣ ಸಂಬಂಧ ಅನಿಸುತ್ತೆ, ಅಲ್ವಾ? ಆದರೆ ನಾವು ಗೊತ್ತಿಲ್ಲದೆಯೇ ದಿನವಿಡೀ ಮುಖ ಮುಟ್ಟಿಕೊಳ್ಳುತ್ತಿರುತ್ತೇವೆ. ಬೆರಳ ತುದಿಯ ಚರ್ಮ ದಪ್ಪ, ತಡೆದುಕೊಳ್ಳುತ್ತದೆ. ರೆಪ್ಪೆಯ ಚರ್ಮ ತುಂಬಾ ತೆಳು. ಜೆಲ್ ಪಾಲಿಶ್‌ನಲ್ಲಿರುವ ಅಕ್ರಿಲೇಟ್ ಎಂಬ ರಾಸಾಯನಿಕಕ್ಕೆ ಅಲರ್ಜಿ ಆದವರಿಗೆ ಕೈ ಚೆನ್ನಾಗಿದ್ದರೂ ರೆಪ್ಪೆ ಕೆಂಪಾಗಬಹುದು.

ಖಚಿತ ಮಾಡಿಕೊಳ್ಳಲು ಪ್ಯಾಚ್ ಟೆಸ್ಟ್ ಮಾಡಿದರು. ಬೆನ್ನಿನ ಮೇಲೆ ಅಲರ್ಜಿ ತರಬಹುದಾದ ವಸ್ತುಗಳು ಸಣ್ಣ ಸಣ್ಣ ಚುಕ್ಕಿಗಳಷ್ಟು ಇರುವ ಪಟ್ಟಿಗಳನ್ನು ಅಂಟಿಸಿ 48 ಗಂಟೆ ಬಿಡುತ್ತಾರೆ. ಬೆನ್ನಿಗೆ ನೀರು ತಾಗಿಸುವಂತಿಲ್ಲ, ಕೆರೆದುಕೊಳ್ಳುವಂತೆಯೂ ಇಲ್ಲ. ಪಟ್ಟಿ ಕಿತ್ತಾಗ ಅಕ್ರಿಲೇಟ್ ಇದ್ದ ಜಾಗ ಸ್ವಲ್ಪ ಕೆಂಪಗಿತ್ತು, ಅಷ್ಟೇ. ಇನ್ನೆರಡು ದಿನ ಬಿಟ್ಟು ನೋಡಿದಾಗ ಅದೇ ಜಾಗ ಉಬ್ಬಿ, ಸಣ್ಣ ಗುಳ್ಳೆ ಎದ್ದಿತ್ತು. ಈ ಬಗೆಯ ಅಲರ್ಜಿ ನಿಧಾನ. ಇವತ್ತು ತಾಗಿದ್ದಕ್ಕೆ ನಾಳೆಯೋ ನಾಡಿದ್ದೋ ಕೆಂಪು. ಅದಕ್ಕೇ ಕಾರಣ ಕೈಗೆ ಸಿಗೋದಿಲ್ಲ.

ಚರ್ಮದೊಳಗಿನ ಸಣ್ಣ ರಕ್ತನಾಳಗಳು ಹಿಗ್ಗಿ ರಕ್ತ ಜಾಸ್ತಿ ಹರಿದರೆ ಚರ್ಮ ಕೆಂಪಾಗುತ್ತದೆ. ಬಿಸಿಲು, ಸೋಂಕು, ರೋಸೇಶಿಯಾ (ಮುಖ ಕೆಂಪಾಗಿಸುವ ಒಂದು ಚರ್ಮರೋಗ), ನಾಚಿಕೆ, ಯಾವುದರಿಂದಲೂ ಆಗಬಹುದು. ಹಾಗಾಗಿ ಬಣ್ಣಕ್ಕಿಂತ ಅದು ಬಂದು ಹೋಗುವ ಸಮಯ ಗಮನಿಸಿ. ಪಿತ್ತಗಂಧೆ ದಿಢೀರ್ ಅಂತ ಏಳುತ್ತದೆ, ಒಂದೊಂದು ದದ್ದೂ ಸಾಮಾನ್ಯವಾಗಿ 24 ಗಂಟೆಯೊಳಗೆ ಮಾಯವಾಗುತ್ತದೆ. ಬಿಸಿಲಿನ ಸುಟ್ಟಗಾಯ ಕೆಲವು ಗಂಟೆ ಕಳೆದ ಮೇಲೆ ಕಾಣುತ್ತದೆ. ಇನ್ನೊಂದು ವಿಷಯ: ಕಪ್ಪು ಮೈಬಣ್ಣದವರಲ್ಲಿ ಕೆಂಪು ಕೆಂಪಾಗಿಯೇ ಕಾಣಬೇಕೆಂದಿಲ್ಲ. ಕಂದು ಇಲ್ಲವೇ ನೇರಳೆ ಛಾಯೆ ಬರುತ್ತದೆ. ಕೈಯಿಟ್ಟು ನೋಡಿ, ಬಿಸಿ ಮತ್ತು ಊತ ಸುಳ್ಳು ಹೇಳೋದಿಲ್ಲ. ಕೆಂಪು ಬಿಸಿಯಾಗಿ, ನೋಯುತ್ತಾ ಹರಡುತ್ತಿದ್ದರೆ, ಜೊತೆಗೆ ಜ್ವರ ಬಂದರೆ, ಕಾಯಬೇಡಿ, ತಕ್ಷಣ ಡಾಕ್ಟರ ಹತ್ತಿರ ಹೋಗಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಯಾರೋ ಕೊಟ್ಟರು ಅಂತ ಸುಮ್ನೆ ಸ್ಟೀರಾಯ್ಡ್ ಕ್ರೀಮ್ ಹಚ್ಚಬೇಡಿ. ಕೆಂಪು ಇಳಿಯುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ, ಚರ್ಮ ತೆಳುವಾಗುತ್ತಾ ಹೋಗುತ್ತದೆ. ರೆಪ್ಪೆಗೆ ತುಂಬಾ ದಿನ ಹಚ್ಚಿದರೆ ಕಣ್ಣಿನೊಳಗಿನ ಒತ್ತಡವೂ ಏರಬಹುದು.

ಜೆಲ್ ಪಾಲಿಶ್ ತೆಗೆಸಿದ ಮೇಲೆ ನನ್ನ ರೆಪ್ಪೆ ಸರಿಹೋಯಿತು. ಅಲರ್ಜಿ ಮಾತ್ರ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದಂತೆ. ಹಲ್ಲಿಗೆ ತುಂಬಿಸುವ ಕೆಲವು ವಸ್ತುಗಳಲ್ಲೂ ಇದೇ ಗುಂಪಿನ ರಾಸಾಯನಿಕ ಇರುವುದರಿಂದ ಹಲ್ಲಿನ ಡಾಕ್ಟರಿಗೆ ಮೊದಲೇ ಹೇಳಿಟ್ಟಿದ್ದೇನೆ. ನಿಮಗೂ ಈ ಅಲರ್ಜಿ ಇದ್ದರೆ ಹೇಳಿಬಿಡಿ.